ಕೀಲೆಣ್ಣೆಯ ಸಾಕ್ಷ್ಯ

ಕಲಾ ಕಾಲೇಜಿನ ವಿದ್ಯಾರ್ಥಿಯೊಬ್ಬನು ಎಂಜಿನ್ನಿನ ಹಳೆಯ ಎಣ್ಣೆಯನ್ನು ಕುರಿತು ಪ್ರಬಂಧ ಬರೆಯಹೊರಟರೆ, "ಪಂಪ ರನ್ನರೆಲ್ಲ ಮುಗಿದುಹೋದರೇನಯ್ಯಾ?" ಎಂದು ಸಹಪಾಠಿಗಳು ನಗುವುದು ಸಹಜವೇ. ನಗಲಿ; ನನ್ನ ವಾದವನ್ನು ಮಾತ್ರ ಪೂರ್ತಿ ಕೇಳಲಿ. ಇತಿಹಾಸದ ತರಗತಿಯಲ್ಲಿ ನಾವು ಕಲಿಯುವುದಾದರೂ ಏನನ್ನು? ಒಡೆದ ಮಡಕೆಯ ಚೂರು, ಸವೆದ ನಾಣ್ಯ, ಹೊಲದ ಬದುವಿನಲ್ಲಿ ಸಿಕ್ಕ ಶಾಸನದ ತುಂಡು, ಇಂಥ ಅಲ್ಪ ವಸ್ತುಗಳಿಂದ ಕಣ್ಣಿಗೆ ಕಾಣದ ಒಂದು ಕಾಲವನ್ನು ಊಹಿಸುವುದನ್ನು ತಾನೆ? ಬಳಸಿದ ಎಣ್ಣೆಯನ್ನು ಪರೀಕ್ಷಿಸುವವನೂ ಇದನ್ನೇ ಮಾಡುತ್ತಾನೆ. ವ್ಯತ್ಯಾಸವಿಷ್ಟೆ: ರಾಜ್ಯ ಅಳಿದ ಮೇಲೆ ನಾವು ಕಾರಣ ಹುಡುಕುತ್ತೇವೆ, ಅವನು ಅಳಿವಿಗೆ ಮುಂಚೆ ಹುಡುಕುತ್ತಾನೆ.

ಕೀಲೆಣ್ಣೆ ಎಂಬುದು ನಮ್ಮ ಹಳ್ಳಿಗಳಿಗೆ ಹೊಸ ಮಾತಲ್ಲ. ಎತ್ತಿನ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಆ ಕರಿಯ ಜಿಡ್ಡನ್ನು ಹಿರಿಯರೆಲ್ಲ ಬಲ್ಲರು. ಅದನ್ನು ಹಚ್ಚಲು ಮರೆತರೆ ಗಾಡಿಯು ಊರಿಗೆಲ್ಲ ಕೇಳುವಂತೆ ಕಿರುಗುಟ್ಟಿ ಯಜಮಾನನ ಮಾನ ಕಳೆಯುತ್ತಿತ್ತು. ಇಂದಿನ ಯಂತ್ರ ಹಾಗಲ್ಲ. ಡೀಸೆಲ್ ಎಂಜಿನ್ನು ಆರೋಗ್ಯವಾಗಿದ್ದಾಗಲೇ ಎಷ್ಟು ಆರ್ಭಟಿಸುತ್ತದೆಂದರೆ, ಅದರ ಒಳಗಿನ ಸಣ್ಣ ನರಳಿಕೆ ಯಾರ ಕಿವಿಗೂ ಬೀಳದು. ಕಿವಿಗೆ ಬೀಳುವ ಹೊತ್ತಿಗೆ ಬೇರಿಂಗು ಕರಗಿರುತ್ತದೆ, ಇಲ್ಲವೇ ಪಿಸ್ಟನ್ನು ಕಚ್ಚಿಕೊಂಡಿರುತ್ತದೆ.

ಹಾಗಾದರೆ ಒಳಗಿನ ಸಮಾಚಾರವನ್ನು ಹೊರಕ್ಕೆ ತರುವವರು ಯಾರು? ಎಣ್ಣೆಯೇ. ಅದು ಅರಮನೆಯ ಹಳೆಯ ಸೇವಕನಂತೆ. ಹೋಗದ ಕೋಣೆಯಿಲ್ಲ, ನೋಡದ ಮೂಲೆಯಿಲ್ಲ. ಉಜ್ಜುವ ಭಾಗಗಳ ನಡುವೆ ತೆಳುವಾದ ಪರದೆಯಾಗಿ ನಿಲ್ಲುತ್ತದೆ, ಕಾವನ್ನು ಹೊತ್ತೊಯ್ಯುತ್ತದೆ, ಮಸಿಯನ್ನು ತೊಳೆಯುತ್ತದೆ. ಹೀಗೆ ಸುತ್ತುವಾಗ, ಸವೆದು ಉದುರಿದ ಲೋಹದ ಕಣಗಳನ್ನೂ ತನ್ನೊಡನೆ ಒಯ್ಯುತ್ತದೆ. ಆ ಕಣಗಳನ್ನು ಗುರುತಿಸಬಲ್ಲವನಿಗೆ, ಎಂಜಿನ್ನನ್ನು ಬಿಚ್ಚದೆಯೇ ಅದರ ಒಳಗು ಗೊತ್ತಾಗುತ್ತದೆ.

ಗುರುತಿಸುವ ವಿದ್ಯೆಯ ಮೂಲ ಬಹಳ ಹಿಂದಿನದು. 1859-60ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಕಾಫ್ ಎಂಬ ಇಬ್ಬರು ವಿಜ್ಞಾನಿಗಳು, ಕಾಯಿಸಿದ ಪ್ರತಿಯೊಂದು ಮೂಲವಸ್ತುವೂ ತನ್ನದೇ ಆದ ಬಣ್ಣದ ಗೆರೆಗಳನ್ನು ಸೂಸುತ್ತದೆಂದು ತೋರಿಸಿದರು. ಒಲೆಯ ಉರಿಗೆ ಉಪ್ಪು ಬಿದ್ದಾಗ ಜ್ವಾಲೆ ಹಳದಿಯಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದು ಸೋಡಿಯಂನ ಸಹಿ. ಈ ರೋಹಿತ ವಿದ್ಯೆಯನ್ನು 1940ರ ದಶಕದಲ್ಲಿ ಅಮೆರಿಕದ ಡೆನ್ವರ್ ಅಂಡ್ ರಿಯೋ ಗ್ರಾಂಡೆ ವೆಸ್ಟರ್ನ್ ರೈಲುಸಂಸ್ಥೆಯು ತನ್ನ ಡೀಸೆಲ್ ಎಂಜಿನ್ನುಗಳ ಎಣ್ಣೆಗೆ ಅನ್ವಯಿಸಿತು. ಎಣ್ಣೆಯನ್ನು ವಿದ್ಯುತ್ ಕಿಡಿಯಲ್ಲಿ ಸುಟ್ಟು, ಬೆಳಕಿನ ಗೆರೆಗಳಿಂದ ಅದರಲ್ಲಿರುವ ಲೋಹಗಳನ್ನು ಅಳೆದು, ಕೆಡಲಿರುವ ಎಂಜಿನ್ನನ್ನು ಮೊದಲೇ ಕಂಡುಹಿಡಿಯತೊಡಗಿದರು. 1950ರ ದಶಕದಲ್ಲಿ ಅಮೆರಿಕದ ನೌಕಾಪಡೆ ಅದನ್ನು ವಿಮಾನದ ಎಂಜಿನ್ನುಗಳಿಗೆ ತಂದಿತು. ನಡುದಾರಿಯಲ್ಲಿ ನಿಂತ ರೈಲನ್ನು ಎಳೆದು ತರಬಹುದು. ನಡುವಾನದಲ್ಲಿ ನಿಂತ ವಿಮಾನದ ಎಂಜಿನ್ನನ್ನು ಏನು ಮಾಡುವುದು? ನಮ್ಮ ದೇಶದ ರೈಲ್ವೆಯ ಡೀಸೆಲ್ ಷೆಡ್ಡುಗಳಲ್ಲಿಯೂ ಈ ಪರೀಕ್ಷೆ ರೂಢಿಗೆ ಬಂದಿದೆ.

ಅಳತೆಯ ಸೂಕ್ಷ್ಮವನ್ನು ನೋಡಿ: ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು, ಅಂದರೆ 1000 ಕಿಲೋ ಎಣ್ಣೆಯಲ್ಲಿ ಒಂದು ಗ್ರಾಂ ಕಬ್ಬಿಣ! ಒಂದೊಂದು ಲೋಹವೂ ಒಂದೊಂದು ಮನೆಯಿಂದ ಬಂದದ್ದು. ಕಬ್ಬಿಣ ಹೆಚ್ಚಾದರೆ ಸಿಲಿಂಡರಿನ ಗೋಡೆಯನ್ನೋ ಹಲ್ಲುಚಕ್ರವನ್ನೋ ಸಂಶಯಿಸಬೇಕು. ಅಲ್ಯೂಮಿನಿಯಂ ಪಿಸ್ಟನ್ನಿನ ಕಡೆಯದು. ಕ್ರೋಮಿಯಂ ಹೆಚ್ಚಾಗಿ ಪಿಸ್ಟನ್ ಉಂಗುರಗಳದು. ತಾಮ್ರ, ಸೀಸ, ತವರ ಬೇರಿಂಗುಗಳವು. ಸೋಡಿಯಂ ಕಂಡರೆ ತಂಪುನೀರಿನ ದಾರಿ ಎಲ್ಲೋ ಸೋರಿರಬಹುದು. ಸಿಲಿಕಾನ್ ಬಹುಪಾಲು ಹೊರಗಿನ ಧೂಳು. ಗಾಳಿ ಸೋಸುವ ಫಿಲ್ಟರು ತನ್ನ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ಲೋಹವಲ್ಲದೆ ಎಣ್ಣೆಯ ಸ್ನಿಗ್ಧತೆಯನ್ನೂ ನೋಡುತ್ತಾರೆ. ಡೀಸೆಲ್ ಬೆರೆತರೆ ಅದು ತೆಳ್ಳಗಾಗುತ್ತದೆ, ಮಸಿ ಕೂಡಿದರೆ ದಪ್ಪವಾಗುತ್ತದೆ. ನೀರಿದೆಯೇ ಎಂದು ತಿಳಿಯಲು ದೊಡ್ಡ ಉಪಕರಣವೇ ಬೇಕೆಂದಿಲ್ಲ. ಚೆನ್ನಾಗಿ ಕಾದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟರೆ ಒಗ್ಗರಣೆಯಂತೆ ಚಿಟಪಟಗುಟ್ಟುತ್ತದೆ.

ಇಷ್ಟೆಲ್ಲ ತಿಳಿಯಲು ಬೇಕಾದದ್ದು ಅಂಗೈಯಗಲದ ಸೀಸೆಯಷ್ಟು ಎಣ್ಣೆ. ನಮ್ಮ ಶಾಸ್ತ್ರಕಾರರ ಸ್ಥಾಲೀಪುಲಾಕ ನ್ಯಾಯವೂ ಇದೇ: ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕು. ಆದರೆ ಅಡುಗೆಯ ಮನೆಯವರಿಗೆ ಗೊತ್ತು, ಅಗುಳನ್ನು ಕುದಿಯುವ ಪಾತ್ರೆಯಿಂದ ತೆಗೆಯಬೇಕು. ಎಣ್ಣೆಯೂ ಹಾಗೆಯೇ. ಎಂಜಿನ್ನು ಓಡುತ್ತಿರುವಾಗ ಅಥವಾ ನಿಲ್ಲಿಸಿದೊಡನೆ, ಬಿಸಿಯಾಗಿರುವಾಗ, ಪ್ರತಿಸಲವೂ ಒಂದೇ ಜಾಗದಿಂದ, ಶುಚಿಯಾದ ಸೀಸೆಗೆ ತುಂಬಬೇಕು. ತಣ್ಣಗಾಗಿ ಕಣಗಳೆಲ್ಲ ತಳಕ್ಕಿಳಿದ ಮೇಲೆ ಮೇಲಿನದನ್ನು ತೆಗೆದರೆ ಅದು ಸುಳ್ಳು ಸಾಕ್ಷ್ಯ ನುಡಿಯುತ್ತದೆ. ಎಣ್ಣೆ ಎಷ್ಟು ಗಂಟೆ ಓಡಿದೆ, ನಡುವೆ ಹೊಸತನ್ನು ಎಷ್ಟು ಸುರಿದಿದ್ದಾರೆ, ಇದನ್ನೂ ಚೀಟಿಯಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಅಂಕಿಗೆ ಅರ್ಥವಿಲ್ಲ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ, ನಮ್ಮಣ್ಣನಿಂದ. ಅವನು ಜಲ್ಲಿ ಕ್ರಷರೊಂದರಲ್ಲಿ ಡೀಸೆಲ್ ಜನರೇಟರ್ ನೋಡಿಕೊಳ್ಳುತ್ತಿದ್ದ. 250 ಗಂಟೆಗೊಮ್ಮೆ ಎಣ್ಣೆ ಬದಲಿಸುವಾಗ ಒಂದು ಸೀಸೆ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸುವುದು ಅವನ ಕೆಲಸ. ಬಂದ ವರದಿಗಳನ್ನು ತಂತಿಗೆ ಪೋಣಿಸಿ ಇಡುತ್ತಿದ್ದ. ಒಂದು ಬೇಸಗೆಯಲ್ಲಿ ಸಿಲಿಕಾನೂ ಕಬ್ಬಿಣವೂ ಜೊತೆಜೊತೆಯಾಗಿ ಏರತೊಡಗಿದವು. ಎರಡನೆಯ ವರದಿಯಲ್ಲಿ ಮೊದಲಿಗಿಂತ ಹೆಚ್ಚು. ಮೂರನೆಯದರಲ್ಲಿ ಎರಡನೆಯದರ ಇಮ್ಮಡಿ. ಕಲ್ಲಿನ ಧೂಳು ಒಳಗೆ ಹೋಗುತ್ತಿದೆ, ಅದು ಸಿಲಿಂಡರನ್ನು ಅರೆಯುತ್ತಿದೆ ಎಂಬುದು ಅವನಿಗೆ ಸ್ಪಷ್ಟವಾಯಿತು. ಮೂರು ಕಾಗದಗಳನ್ನೂ ಹಿಡಿದು ಮಾಲೀಕರ ಬಳಿಗೆ ಹೋದ. ಗಾಳಿಯ ಕೊಳವೆಯನ್ನು ಬಿಚ್ಚಿ ನೋಡಲು ಎರಡು ದಿನ ಯಂತ್ರ ನಿಲ್ಲಿಸಬೇಕೆಂದು ಕೇಳಿದ. ಅವರು ಕಡೆಯ ವರದಿಯನ್ನಷ್ಟೇ ನೋಡಿ, "ಇನ್ನೂ ಮಿತಿಯೊಳಗೇ ಇದೆಯಲ್ಲಪ್ಪಾ! ಎಂಜಿನ್ನು ಚೆನ್ನಾಗಿ ಓಡ್ತಿದೆ, ನೀನು ಕಾಗದ ನೋಡಿ ಹೆದರ್ತೀಯ" ಎಂದರು. "ಅಂಕಿ ಸಣ್ಣದೇ ಸ್ವಾಮಿ, ಆದರೆ ಏರ್ತಿರೋ ರೀತಿ ನೋಡಿ" ಎಂದು ಅಣ್ಣ ಹೇಳಿದ. ರಸ್ತೆ ಕೆಲಸದ ಗಿರಾಕಿಗಳು ಜಲ್ಲಿಗಾಗಿ ಕಾದಿದ್ದ ಕಾಲ. ಮಾತು ಅಲ್ಲಿಗೇ ನಿಂತಿತು.

ನಾಲ್ಕನೆಯ ಸೀಸೆ ತುಂಬುವ ಮೊದಲೇ ಎಂಜಿನ್ನು ಕಚ್ಚಿಕೊಂಡಿತು. ಅದನ್ನು ಬಿಚ್ಚಿ, ಭಾಗಗಳನ್ನು ತರಿಸಿ, ಮತ್ತೆ ಜೋಡಿಸುವುದಕ್ಕೆ ಐದು ವಾರ ಹಿಡಿಯಿತು. ಮಾಲೀಕರಿಗೆ ಹಣ ನಷ್ಟವಾಯಿತು, ನಿಜ. ಆದರೆ ದಿನಗೂಲಿಗೆ ಕಲ್ಲು ತುಂಬುತ್ತಿದ್ದವರಿಗೆ ಆ ಐದು ವಾರವೂ ಕೂಲಿಯಿಲ್ಲ. ಅವರಲ್ಲಿ ಕೆಲವರು ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೊರಟರು. ಶಾಲೆಗೆ ಹೋಗುತ್ತಿದ್ದ ಅವರ ಮಕ್ಕಳೂ ಹೊರಟರು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ, ಹೊಸ ಫಿಲ್ಟರು ಮಾತ್ರ ಒಂದೇ ದಿನದಲ್ಲಿ ಬಂದಿತು. ತಂತಿಗೆ ಪೋಣಿಸಿದ್ದ ಮೂರು ಕಾಗದಗಳಲ್ಲಿ ಇದೆಲ್ಲವೂ ಮೊದಲೇ ಬರೆದಿತ್ತು. ಓದುವ ಕಣ್ಣೂ ಇತ್ತು. ಆ ಕಣ್ಣಿನ ಮಾತಿಗೆ ಬೆಲೆಯಿರಲಿಲ್ಲ.

ಎಣ್ಣೆಯ ಪರೀಕ್ಷೆ ಸರ್ವಜ್ಞವೆಂದು ಯಾರೂ ತಿಳಿಯಬಾರದು. ಕಿಡಿಯಲ್ಲಿ ಸುಡುವ ಉಪಕರಣಕ್ಕೆ ಅತಿ ಸಣ್ಣ ಕಣಗಳಷ್ಟೇ ಚೆನ್ನಾಗಿ ಕಾಣುತ್ತವೆ; ಹತ್ತು ಮೈಕ್ರಾನಿಗಿಂತ ದೊಡ್ಡ ಚೂರುಗಳು ಬಹಳಮಟ್ಟಿಗೆ ತಪ್ಪಿಸಿಕೊಳ್ಳುತ್ತವೆ. ಹಲ್ಲುಚಕ್ರ ಬಿರಿಯುವಾಗ ಉದುರುವುದು ಅಂಥ ಚೂರುಗಳೇ. ಅದಕ್ಕೆಂದೇ 1970ರ ದಶಕದಲ್ಲಿ ಅಮೆರಿಕದ ವರ್ನನ್ ವೆಸ್ಟ್‌ಕಾಟ್ ಎಂಬುವರು ಫೆರೋಗ್ರಫಿ ಎಂಬ ಉಪಾಯವನ್ನು ರೂಪಿಸಿದರು. ಗಾಜಿನ ಪಟ್ಟಿಯ ಮೇಲೆ ಎಣ್ಣೆಯನ್ನು ಹರಿಯಬಿಟ್ಟು, ಕೆಳಗಿನ ಅಯಸ್ಕಾಂತದಿಂದ ಕಬ್ಬಿಣದ ಕಣಗಳನ್ನು ಸಾಲಾಗಿ ಕೂರಿಸಿ, ಸೂಕ್ಷ್ಮದರ್ಶಕದಲ್ಲಿ ಅವುಗಳ ಆಕಾರ ನೋಡುತ್ತಾರೆ. ಸುರುಳಿಯಾಗಿದ್ದರೆ ಯಾವುದೋ ಗಡಸು ವಸ್ತು ಹೆರೆದದ್ದು. ಚಪ್ಪಟೆ ಹಳುಕಾಗಿದ್ದರೆ ಲೋಹ ದಣಿದು ಸಿಡಿದದ್ದು. ಮರದ ಹೊಟ್ಟು ನೋಡಿ ಗರಗಸವೋ ಉಳಿಯೋ ಎಂದು ಬಡಗಿ ಹೇಳುವಂತೆ!

ಇಂದು ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಗೇರುಪೆಟ್ಟಿಗೆಯುಳ್ಳ ಗಾಳಿಯಂತ್ರವನ್ನು ದುರಸ್ತಿಗೆ ಬಿಚ್ಚಬೇಕಾದರೆ ಎತ್ತರದ ಕ್ರೇನನ್ನು ಗುಡ್ಡಕ್ಕೆ ಹತ್ತಿಸಬೇಕು. ಅಂಥ ಕಡೆ ಒಂದು ಸೀಸೆ ಎಣ್ಣೆ ಎಷ್ಟು ಖರ್ಚನ್ನೂ ಎಷ್ಟು ಅಪಾಯವನ್ನೂ ತಪ್ಪಿಸೀತೆಂಬುದನ್ನು ಓದುಗರೇ ಊಹಿಸಬಹುದು.

ಅಣ್ಣನ ಮೂರು ಕಾಗದಗಳಿಂದ ನಾನು ಕಲಿತದ್ದು ಇದು. ಒಂದು ಅಂಕಿ, ತಾನೊಂದೇ ನಿಂತಾಗ, ಮೂಕ. ಅದರ ಹಿಂದಿನ ಅಂಕಿಯನ್ನು ಪಕ್ಕಕ್ಕಿಟ್ಟಾಗ ಅದಕ್ಕೆ ಬಾಯಿ ಬರುತ್ತದೆ. ಮೂರನೆಯದು ಸೇರಿದಾಗ ಅದು ಎಚ್ಚರಿಕೆ ಕೊಡುತ್ತದೆ. ಯಂತ್ರವನ್ನು ಪಕ್ಕದ ಯಂತ್ರದೊಡನೆ ಹೋಲಿಸುವುದಕ್ಕಿಂತ ಅದರದೇ ನಿನ್ನೆಯೊಡನೆ ಹೋಲಿಸುವುದು ಮೇಲು. ಇದಕ್ಕೆ ಬೇಕಾದ ಗುಣ ಜಾಣತನವೊಂದೇ ಅಲ್ಲ. ಬೇಸರವಿಲ್ಲದೆ, ಯಾರೂ ಮೆಚ್ಚದಿದ್ದರೂ, ತಿಂಗಳು ತಿಂಗಳೂ ಸೀಸೆ ತುಂಬಿ ದಿನಾಂಕ ಬರೆಯುವ ನಿಷ್ಠೆ ಬೇಕು. ಹಾಗೆ ಬರೆದವನು ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಬಾಗಿಲ ಬಳಿ ನಿಂತು ಮಾತಾಡಿದಾಗ, ಕುರ್ಚಿಯಲ್ಲಿ ಕುಳಿತವನು ತಲೆಯೆತ್ತಿ ಕೇಳುವ ಸೌಜನ್ಯವೂ ಬೇಕು. ನಮ್ಮಲ್ಲಿ ಅನೇಕರು ನಾಳೆ ಕಚೇರಿಗಳಲ್ಲಿ ಅಂಥ ಕುರ್ಚಿಗಳಲ್ಲಿ ಕೂರುವವರು. ಎಣ್ಣೆಯ ವಿದ್ಯೆಯನ್ನು ಮರೆತರೂ ಚಿಂತೆಯಿಲ್ಲ; ಬಾಗಿಲ ಬಳಿ ಕಾಗದ ಹಿಡಿದು ನಿಂತವನನ್ನು ಒಳಗೆ ಕರೆಯುವುದನ್ನು ಮಾತ್ರ ಮರೆಯದಿರೋಣ.