ಘಟ್ಟ ಹತ್ತಿದವರು, ಘಟ್ಟ ಇಳಿದವರು

ನೌಕರಿ ಸಿಕ್ಕಿ ಇಟಗಿಗೆ ಹೊರಟಿದ್ದೇನೆ ಎಂದಾಗ ಮೂಲ್ಕಿಯ ನಮ್ಮ ಹಳೆಯ ಚರಿತ್ರೆ ಮಾಸ್ಟ್ರಿಗೆ ನನಗಿಂತ ಹೆಚ್ಚು ಖುಷಿಯಾಯಿತು. "ದೇವಾಲಯ ಚಕ್ರವರ್ತಿಯ ಊರು ಮಾರಾಯ, ನಿನ್ನ ಯೋಗ!" ಎಂದರು. ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ, ಶಾಸನವೇ ಅದನ್ನು ಹಾಗೆ ಹೊಗಳಿದೆ, ಕಂಬಗಳ ನುಣುಪು ನೋಡಬೇಕು ಎಂದು ಗೇಟಿನ ಬಳಿ ನಿಲ್ಲಿಸಿಯೇ ಒಂದು ಪೀರಿಯಡ್ಡು ಮುಗಿಸಿದರು. ಅವರ ಉತ್ಸಾಹ ಕಂಡು ನನಗೆ ಬಾಯಿ ಬಿಡಲಾಗಲಿಲ್ಲ. ಆ ಇಟಗಿ ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ಕುಕನೂರಿನ ಕಡೆ. ಖಾನಾಪುರ ತಾಲ್ಲೂಕಿನಲ್ಲೂ ಒಂದು ಇಟಗಿ ಇದೆ. ನನ್ನ ಪಾಲಿಗೆ ಬಂದದ್ದು ಗದಗ ಜಿಲ್ಲೆಯದು, ರೋಣ–ಗಜೇಂದ್ರಗಡದ ನಡುವಿನ ಸೀಮೆಯದು. ಅಮ್ಮ ಕಳಿಸಿದ ಮಾವಿನ ಮಿಡಿ ಉಪ್ಪಿನಕಾಯಿಯ ಡಬ್ಬಿ ಒಮ್ಮೆ ದೇವಾಲಯ ಚಕ್ರವರ್ತಿಯ ದರ್ಶನ ಮುಗಿಸಿಕೊಂಡೇ ನನ್ನ ಕೈಗೆ ಬಂತು.

ಗದಗದ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೂ ಈ ಗೊಂದಲವಿಲ್ಲ. "ಯಾವ ಇಟಗಿರಿ? ಭೀಮವ್ವನ ಇಟಗಿ ಹೌದಿಲ್ಲೋ?" ಎಂದು ಕೇಳಿ ಬಸ್ಸು ತೋರಿಸುತ್ತಾರೆ. ಅಲ್ಲಿ ಊರಿಗೆ ಹೆಸರು ತಂದಿದ್ದು ದಂಡನಾಯಕ, ಇಲ್ಲಿ ಊರಿಗೆ ಹೆಸರು ತಂದದ್ದು ಭೀಮಾಂಬಿಕೆ ಎಂಬ ಶರಣೆ. ಅವಳ ಧರ್ಮರ ಮಠಕ್ಕೆ ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ, ಕಿರಾಣಿ ಅಂಗಡಿಯ ಬೋರ್ಡಿನಲ್ಲಿ, ಹೆಣ್ಣುಮಕ್ಕಳ ಆಧಾರ್ ಕಾರ್ಡಿನಲ್ಲಿ ಎಲ್ಲೆಲ್ಲೂ ಅವಳೇ. ಕೌಂಟರಿನ ಮುಂದೆ "ಭೀಮವ್ವಾ" ಎಂದು ಕೂಗಿದರೆ ಸಾಲಿನಲ್ಲಿ ಮೂವರು ಒಟ್ಟಿಗೆ ಮುಂದೆ ಬರುತ್ತಾರೆ.

ಕೌಂಟರು ಎಂದೆನಲ್ಲ, ಕೆಲಸ ಬ್ಯಾಂಕಿನದು. ಶಾಖೆ ಈ ಸೀಮೆಯದೇ ಒಂದು, ಬಿಡಾರ ಇಟಗಿಯಲ್ಲಿ. ಸಹೋದ್ಯೋಗಿಗಳೆಲ್ಲ "ಗಜೇಂದ್ರಗಡದಾಗ ಮನಿ ಹಿಡೀರಿ, ಖಾನಾವಳಿ ಅದಾವ, ಸಿನಿಮಾ ಐತಿ" ಎಂದು ಬುದ್ಧಿ ಹೇಳಿದರು. ಆದರೆ ಹೊಸ ನೌಕರಿಯ ಹುರುಪಿನಲ್ಲಿದ್ದವನಿಗೆ ಹಳ್ಳಿ ಅಂದರೆ ಹಳ್ಳಿಯೇ ಆಗಬೇಕು.

ಕರಾವಳಿಯವನು ಬ್ಯಾಂಕಿನ ಕೆಲಸಕ್ಕೆ ಘಟ್ಟ ಹತ್ತುವುದು ಹೊಸದೇನೂ ಅಲ್ಲ. 1906ರಲ್ಲಿ ಮಂಗಳೂರಿನಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್, 1924ರಲ್ಲಿ ಕರ್ಣಾಟಕ ಬ್ಯಾಂಕ್, ಮರುವರ್ಷ ಸಿಂಡಿಕೇಟ್, 1931ರಲ್ಲಿ ವಿಜಯಾ: ಆ ಸಣ್ಣ ಕರಾವಳಿಯ ತುಂಡು ಇಷ್ಟು ಬ್ಯಾಂಕುಗಳನ್ನು ಹುಟ್ಟಿಸಿತು. ಅವು ಊರೂರಿಗೆ ಶಾಖೆ ತೆರೆದಂತೆಲ್ಲ ಅಲ್ಲಿನ ಹುಡುಗರು ಟ್ರಂಕು ಹೊತ್ತು ಇತ್ತ ಬಂದರು. ಇಲ್ಲಿನ ಹಿರಿಯರ ಲೆಕ್ಕದಲ್ಲಿ ಬ್ಯಾಂಕಿನವನೆಂದರೆ ಮಂಗಳೂರಿನ ಕಡೆಯವನು, ಅನ್ನ ಉಣ್ಣುವವನು, ಬೇಸಿಗೆಯಲ್ಲಿ ಹೈರಾಣಾಗುವವನು. ಹಾಗಾಗಿ ಹೊಸಬ ಬಂದನೆಂದು ಊರೇನೂ ಕಣ್ಣರಳಿಸಲಿಲ್ಲ. ಮಾಸ್ತರು, ನರ್ಸ್‌ಬಾಯಿ, ತಲಾಟಿ, ಲೈನ್‌ಮನ್ ಎಂದು ಎಷ್ಟೋ ಮಂದಿ ವರ್ಗವಾಗಿ ಬಂದು, ವರ್ಗವಾಗಿ ಹೋದದ್ದನ್ನು ಕಂಡ ಊರು ಇದು. ಬಂದವನನ್ನು ಹೇಗೆ ಒಳಗೆ ತೆಗೆದುಕೊಳ್ಳಬೇಕು, ಎಷ್ಟು ದೂರದಲ್ಲಿ ಇಡಬೇಕು, ಎರಡೂ ಅದಕ್ಕೆ ಚೆನ್ನಾಗಿ ಗೊತ್ತು.

ಆ ದೂರ ಅಳೆಯುವ ಪ್ರಶ್ನೆ ಮನೆ ಹುಡುಕುವಾಗ ಬರುತ್ತದೆ. "ನೀವು ಯಾವ ಪೈಕಿರಿ?" ಬಹಳ ಮೆತ್ತಗೆ, ಚಹಾ ಕೈಗಿಟ್ಟ ಮೇಲೆ. ಅದರ ಹಿಂದೆಯೇ "ತಿನ್ನೋದು ಉಣ್ಣೋದು ಹೆಂಗ್ರಿ?" ಮೂಲ್ಕಿಯವನಿಗೆ ಈ ಎರಡನೆಯದೇ ಕಷ್ಟ. ನಗರದಲ್ಲೂ ಇದನ್ನೇ ಕೇಳುತ್ತಾರೆ, 'ವೆಜ್ ಫ್ಯಾಮಿಲಿ ಓನ್ಲಿ' ಎಂದು ಬೋರ್ಡು ಹಾಕಿ ಕೇಳುತ್ತಾರೆ. ಇಲ್ಲಿ ಚಹಾ ಕೊಟ್ಟು ಕೇಳುತ್ತಾರೆ, ಅಷ್ಟೇ ವ್ಯತ್ಯಾಸ. ಚಹಾ ಕೊಟ್ಟರೆ ಪ್ರಶ್ನೆ ಸಭ್ಯವಾಗುವುದಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ. ಎರಡು ಕಡೆ ಚಹಾ ಕುಡಿದು ಎದ್ದು ಬಂದೆ. ಮೂರನೆಯ ಮನೆಯ ಮುದುಕಿ, ಊರೆಲ್ಲ ಆಯಿ ಎಂದು ಕರೆಯುವವಳು, ಕೇಳಿದ್ದೇ ಬೇರೆ: "ಸುರತ್ಕಲ್ ನಿಮ್ಮೂರಿಂದ ದೂರ ಏನೋ ತಮ್ಮಾ?"

ಅವಳ ಮಗ, ಸೊಸೆ ಸುರತ್ಕಲ್ಲಿನಲ್ಲಿ ಗೌಂಡಿ ಕೆಲಸಕ್ಕಿದ್ದರು. ಮೂಲ್ಕಿಯಿಂದ ಸುರತ್ಕಲ್ ಬಸ್ಸಿನಲ್ಲಿ ಅರ್ಧ ತಾಸಿನ ದಾರಿ ಎಂದೆ. ಮನೆ ಸಿಕ್ಕಿತು. "ಮೀನ ಒಳಗ ತರಬ್ಯಾಡ, ಹೊರಗ ತಿಂದ ಬಂದ್ರ ನಾ ಏನ್ ಮೂಸಿ ನೋಡ್ತೀನೇನು?" ಎಂಬ ಒಂದೇ ಕರಾರು. ಬಾಡಿಗೆ ಸಾವಿರದ ಐನೂರು.

ಮೇಲ್ಮುದ್ದೆಯ ಮನೆ. ತೊಲೆ, ಜಂತಿ, ಅದರ ಮೇಲೆ ಒತ್ತಾಗಿ ಹಾಸಿದ ಕಟ್ಟಿಗೆ, ಅದರ ಮೇಲೆ ದಪ್ಪಗೆ ಸವಳು ಮಣ್ಣು. ಚಪ್ಪಟೆ ಮಾಳಿಗೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಸುರಿಯುವ ಜಿಲ್ಲೆಯಿಂದ ಬಂದವನಿಗೆ ತಲೆಯ ಮೇಲೆ ಮಣ್ಣಿನ ಸೂರು ಎಂದರೆ ಎದೆ ಧಸಕ್ಕೆನ್ನುತ್ತದೆ. ಇಲ್ಲಿ ವರ್ಷಕ್ಕೆ ಬೀಳುವುದು 600ರ ಆಸುಪಾಸು, ಮಣ್ಣು ತಡೆಯುತ್ತದೆ. ಮಾಳಿಗೆಯ ಮೇಲೆ ಹುಲ್ಲು ಹುಟ್ಟಿದರೆ ಕಿತ್ತು, ಮಳೆಗೆ ಮುಂಚೆ ಒಂದು ಪದರ ಮಣ್ಣು ಎಳೆದರೆ ಮುಗಿಯಿತು. ಬೇಸಿಗೆಯಲ್ಲಿ ಒಳಗೆ ತಂಪು, ಪಕ್ಕದ ಆರ್‌ಸಿಸಿ ಮನೆಯವರು ಮಧ್ಯಾಹ್ನ ನಮ್ಮ ಪಡಸಾಲೆಗೇ ಬಂದು ಅಡ್ಡಾಗುತ್ತಾರೆ. ನನಗೆ ಒಗ್ಗದೆ ಹೋದದ್ದು ಒಂದೇ: ಮಳೆಯ ಸದ್ದಿಲ್ಲ. ಹಂಚಿನ ಕೆಳಗೆ ಹುಟ್ಟಿ ಬೆಳೆದವನಿಗೆ ಮಳೆ ಎಂದರೆ ಮೊದಲು ಕಿವಿಗೆ ಬರುವುದು. ಇಲ್ಲಿ ಅಂಗಳದಲ್ಲಿ ನೀರು ಹರಿಯುತ್ತಿದ್ದರೂ ಒಳಗೆ ಮಲಗಿದವನಿಗೆ ಸುಳಿವಿಲ್ಲ. ಬೆಳಕಿಂಡಿಯಿಂದ ಹನಿಯೊಂದು ಮೂಗಿನ ಮೇಲೆ ಬಿದ್ದಾಗಲೇ ಗೊತ್ತು. ಆಯಿ ಮಾತ್ರ ಎಷ್ಟು ಹೊತ್ತಿಗೆ ಎದ್ದು ಬೆಳಕಿಂಡಿಯ ಮೇಲೆ ತಗಡು ಸರಿಸಿರುತ್ತಾಳೋ!

ಮಳೆ ನಿಂತ ಮೇಲೆ ಎರಿ ಹೊಲಕ್ಕೆ ಕಾಲಿಡಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ. ಬೆಳೆಸಾಲದ ಪರಿಶೀಲನೆಗೆಂದು ಹೊಸ ಸ್ಯಾಂಡಲ್ ಹಾಕಿಕೊಂಡು ಹೋದೆ. ಮೊದಲ ಹೆಜ್ಜೆಗೆ ಒಂದು ಪದರ ಮೆತ್ತಿತು, ಎರಡನೆಯದಕ್ಕೆ ಇನ್ನೊಂದು. ಬದುವಿನಿಂದ ಹತ್ತು ಮಾರು ಹೋಗುವಷ್ಟರಲ್ಲಿ ಗೇಣುದ್ದ ಎತ್ತರವಾಗಿದ್ದೆ. ಕಾಲೆತ್ತಿದರೆ ಕಾಲಷ್ಟೇ ಬಂತು, ಸ್ಯಾಂಡಲ್ ಬರಲಿಲ್ಲ. ರೈತ ಬರಿಗಾಲಲ್ಲಿ ನಿಂತು, ನಗು ತಡೆದು, "ಸಾಹೇಬ್ರ, ಅದನ್ನ ಅಲ್ಲೇ ಬಿಡ್ರಿ, ಸಾಲಕ್ಕ ಅಡವು ಅಂತ ಬರಕೋತೀನಿ" ಅಂದ. ಅದೇ ನೆಲ ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ನಮ್ಮ ಕಡೆಯ ಮುರಕಲ್ಲಿನ ಮಣ್ಣು ಬಿದ್ದ ನೀರನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ ಕೈತೊಳೆದುಕೊಳ್ಳುತ್ತದೆ. ಈ ಕರಿ ಮಣ್ಣು ಸಿಕ್ಕಷ್ಟನ್ನು ಒಳಗಿಟ್ಟುಕೊಂಡು, ಮಳೆ ಹೋದ ಮೇಲೂ ಆ ಹಸಿಯಲ್ಲೇ, ಬೆಳಗಿನ ಇಬ್ಬನಿಯಲ್ಲೇ ಹಿಂಗಾರಿ ಜೋಳ, ಕಡಲೆ, ಕುಸುಬೆ ಬೆಳೆದು ಕೊಡುತ್ತದೆ. ಬ್ಯಾಂಕಿನವನ ಕಣ್ಣಿಗೆ ಇದಕ್ಕಿಂತ ದೊಡ್ಡ ಉಳಿತಾಯ ಖಾತೆ ಬೇರೆ ಕಾಣಲಿಲ್ಲ.

ಕಣ್ಣಿಗೆ ಅಡ್ಡ ಏನೂ ಇಲ್ಲದ ಸೀಮೆ. ಬರುವ ಬಸ್ಸಿನ ಧೂಳು ಮೊದಲೇ ಕಾಣುವುದರಿಂದ ಯಾರೂ ಓಡುವುದಿಲ್ಲ, ಕಟ್ಟೆಯ ಮೇಲಿನ ಮಾತು ಮುಗಿಸಿಯೇ ಏಳುತ್ತಾರೆ. ಗಜೇಂದ್ರಗಡದ ಗುಡ್ಡದ ಸಾಲಿನಲ್ಲಿ ಗಾಳಿಯ ಫ್ಯಾನುಗಳು ತಿರುಗುತ್ತವೆ. ಅಷ್ಟು ಕರೆಂಟು ಅಲ್ಲಿ ಹುಟ್ಟುತ್ತಿರುವಾಗ ನಮ್ಮ ಮನೆಯದು ಮಾತ್ರ ಸರಿಯಾಗಿ ಊಟದ ಹೊತ್ತಿಗೆ ಯಾಕೆ ಹೋಗುತ್ತದೆ ಎಂಬುದು ಕಟ್ಟೆಯ ಚರ್ಚೆಗೆ ಕಾಯಂ ವಿಷಯ.

ಒಂದು ಭಾನುವಾರ ಸೂಡಿಗೆ ಹೋಗಿ ಬಂದೆ. ಜೋಡು ಕಳಸದ ಗುಡಿ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನಾಗಕುಂಡ, ಸುತ್ತ ಕುರಿ ಮೇಯಿಸುವವರು. ಕಿಸುಕಾಡು ಎಪ್ಪತ್ತನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಕಾಲದ ಊರು. ಅದಕ್ಕಿಂತ ನನಗೆ ರೋಮಾಂಚನವಾದದ್ದು ಲಕ್ಕುಂಡಿಯಂತೆ ಸೂಡಿಯಲ್ಲೂ ಚಾಲುಕ್ಯರ ಟಂಕಸಾಲೆ ಇತ್ತೆಂಬ ಸಂಗತಿ. ಚಿನ್ನದ ಗದ್ಯಾಣ ಅಚ್ಚಾಗುತ್ತಿದ್ದ ಕಾಲ. ಮೂಲ್ಕಿಯ ಮಾಸ್ಟ್ರಿಗೆ ಫೋನು ಮಾಡಿ ಹೇಳಿದೆ, ದೇವಾಲಯ ಚಕ್ರವರ್ತಿ ಇಲ್ಲದಿದ್ದರೇನಾಯಿತು, ನನ್ನ ಕಸುಬಿನ ಮೂಲಪುರುಷರೆಲ್ಲ ಪಕ್ಕದ ಊರಿನವರೇ ಅಂತ.

ಈಗ ಆ ಗದ್ಯಾಣದ ಸೀಮೆಯಲ್ಲಿ ಹೆಚ್ಚು ಕೇಳುವ ಪ್ರಶ್ನೆ "ಬಿತ್ತೇನ್ರಿ?" 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದಂದಿನಿಂದ ತಿಂಗಳ 2,000 ರೂಪಾಯಿ ಖಾತೆಗೆ ಬಿತ್ತೋ ಇಲ್ಲವೋ ಎಂದು ನೋಡಲು ಹೆಂಗಸರು ಬರುತ್ತಾರೆ. ಬಿದ್ದಿಲ್ಲವೆಂದರೆ ಸರ್ಕಾರವೇ ನಾನು ಎಂಬಂತೆ ನನ್ನನ್ನು ನೋಡುತ್ತಾರೆ. ಬಿದ್ದಿದೆ ಎಂದರೂ ನಂಬುವುದಿಲ್ಲ, ಪಾಸ್‌ಬುಕ್ಕಿನಲ್ಲಿ ಹೊಡೆದು ಕೊಡಬೇಕು. ಈ ಪಾಸ್‌ಬುಕ್ಕು ಹೊಡೆಯುವ ಕೆಲಸದಲ್ಲೇ ನನಗೆ ಊರಿನ ನಿಜವಾದ ನಕ್ಷೆ ಸಿಕ್ಕಿತು. ಟಕಟಕ ಎಂದು ಅಚ್ಚಾಗುವ ಸಾಲುಗಳಲ್ಲಿ ಜಮೆಯಾದ ಊರಿನ ಹೆಸರು ಬರುತ್ತದೆ: ಸುರತ್ಕಲ್, ಕಾವೂರು, ಮಣಿಪಾಲ, ಮಡಗಾಂವ್. ಫೆಬ್ರುವರಿ, ಮಾರ್ಚಿನಲ್ಲಿ ಈ ಜಮೆಗಳು ಹೆಚ್ಚು. ಬೆಳೆಸಾಲವನ್ನು ಹೊತ್ತಿಗೆ ಸರಿಯಾಗಿ ತುಂಬಿದವರಿಗೆ ಬಡ್ಡಿ ಶೇಕಡಾ 4, ತಪ್ಪಿದರೆ ಆ ರಿಯಾಯಿತಿ ಹೋಯಿತು. ಹೆಸರು ಕೈಕೊಟ್ಟ ವರ್ಷ, ಉಳ್ಳಾಗಡ್ಡಿ ದರ ಬಿದ್ದ ವರ್ಷ, ಆ ಹಣ ಹೊಲದಿಂದ ಬರುವುದಿಲ್ಲ. ನಮ್ಮೂರಿನ ಅಪಾರ್ಟ್‌ಮೆಂಟುಗಳ ಸ್ಲ್ಯಾಬಿನಿಂದ ಬರುತ್ತದೆ.

ಹಿಂಗಾರಿ ಒಕ್ಕಲಾದ ಮೇಲೆ ಓಣಿಗೆ ಓಣಿಯೇ ಬೀಗ. ಬಾಗಿಲಲ್ಲಿ ಮುದುಕರು, ಅಂಗಳದಲ್ಲಿ ಶಾಲೆಯ ಮಕ್ಕಳು. ರಾತ್ರಿ ಬಸ್ಸಿಗೆ ಗಂಟು, ಕೊಡ, ಕರಣಿ, ಹೆಗಲ ಮೇಲೆ ನಿದ್ದೆ ಹೋದ ಕೂಸು. ಕರಾವಳಿಯಲ್ಲಿ ಇವರೆಲ್ಲ ಒಟ್ಟಾರೆ 'ಘಟ್ಟದವರು'. ಯಾವ ಜಿಲ್ಲೆ, ಯಾವ ಊರು ಎಂದು ಯಾರೂ ವಿಚಾರಿಸುವುದಿಲ್ಲ. ಬೆಳಿಗ್ಗೆ ಕೂಲಿಗೆ ನಿಲ್ಲುವಾಗ "ಎಷ್ಟು ಜನ ಇದ್ದೀರಿ?" ಎಂಬುದೊಂದೇ ಪ್ರಶ್ನೆ. ಇಲ್ಲಿ ನನ್ನ ಪೈಕಿ ಯಾವುದೆಂದು ಕೇಳುವಷ್ಟರ ಮಟ್ಟಿಗಾದರೂ ನನಗೊಂದು ಗುರುತಿದೆ. ಒಬ್ಬನೇ ಹೋಗಿ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತರೆ ಅದು ಪೋಸ್ಟಿಂಗು, ಹತ್ತು ಜನ ಹೋಗಿ ಸಿಮೆಂಟು ಹೊತ್ತರೆ ಅದು ಗುಳೆ. ಊರು ಬಿಟ್ಟು ಹೋಗುವುದಕ್ಕೆ ರೋಣದ ನೆಲವೇನೂ ಹೊಸದಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು 11ರ ವಯಸ್ಸಿಗೇ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟಿದ್ದರು. ಅವರು ಹಾಗೆ ಹೋದದ್ದನ್ನು ಇಲ್ಲಿ ಹೆಮ್ಮೆಯಿಂದ ಹೇಳುತ್ತಾರೆ, ಮಗ ಸುರತ್ಕಲ್ಲಿಗೆ ಹೋದದ್ದನ್ನು ದನಿ ತಗ್ಗಿಸಿ.

ದಸರೆಗೆ ನಾನು ಊರಿಗೆ ಹೊರಟಾಗ ಆಯಿ ಮಗನಿಗೆಂದು ಒಂದು ಗಂಟು ತಂದಿಟ್ಟಳು. ಹಳೆಯ ಪಟ್ಟೇದಂಚಿನ ಸೀರೆಯ ತುಂಡಿನಲ್ಲಿ ಕಟ್ಟಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. "ಮುರೀಬಾರದು ನೋಡು ತಮ್ಮಾ, ಮಡಿಲಾಗ ಇಟಕೊಂಡ ಹೋಗು." ಹುಬ್ಬಳ್ಳಿ, ಅಂಕೋಲೆ ದಾಟಿ ರಾತ್ರಿಯಿಡೀ ಮಡಿಲಲ್ಲೇ ಇಟ್ಟುಕೊಂಡು ಹೋದೆ. ಮನೆಯಲ್ಲಿ ಅಮ್ಮ ಬಂಗುಡೆ ಸಾರು, ಕುಚ್ಚಲಕ್ಕಿ ಗಂಜಿ ಇಟ್ಟುಕೊಂಡು ಕಾದಿದ್ದಳು. ಗಂಟು ನೋಡಿ, "ಇದೇನು, ಅಲ್ಲಿ ಊಟಕ್ಕೆ ಹಪ್ಪಳವನ್ನೇ ಕೊಡುತ್ತಾರಾ?" ಎಂದಳು.

ಮರುದಿನ ಸುರತ್ಕಲ್ಲಿಗೆ ಹೋದೆ. ಹೆದ್ದಾರಿಯಿಂದ ಒಳಗೆ, ಒಂದೇ ಗೋಡೆಗೆ ಸಾಲಾಗಿ ಎಳೆದ ಲೈನ್‌ಮನೆಗಳು, ಮೇಲೆ ತಗಡು. ಮಗ ಆಗಷ್ಟೇ ಕೆಲಸದಿಂದ ಬಂದು ಮೊಣಕೈಯ ಸಿಮೆಂಟು ಉಜ್ಜಿ ತೊಳೆಯುತ್ತಿದ್ದ. ಗಂಟು ಬಿಚ್ಚಿದ ಕೂಡಲೇ ಅಕ್ಕಪಕ್ಕದ ಮನೆಗಳಿಂದ ಬಂದು ಒಂದೊಂದು ರೊಟ್ಟಿ ಎತ್ತಿಕೊಂಡು ಹೋದರು. ಒಂದು ಮಾತ್ರ ಮುರಿದಿತ್ತು. "ಮದ್ಲ ವರ್ಷ ಇಲ್ಲಿ ನಿದ್ದಿ ಹತ್ತತಿರಲಿಲ್ರಿ ಸರ" ಅಂದ. "ತಗಡಿನ ಮ್ಯಾಲ ರಾತ್ರಿಯೆಲ್ಲಾ ಮಳಿ ಬಡೀತಿತ್ತು. ಈಗ ಊರಿಗೆ ಹೋದ್ರ ಆ ಸಪ್ಪಳ ಇಲ್ದ ಎಚ್ಚರ ಆಕ್ಕೈತಿ."

ಹೆಂಡತಿ ಚಹಾ ಇಟ್ಟಳು. ಅವನು ಗೋಡೆಯ ಮೊಳೆಯಿಂದ ಒಂದು ಪ್ಲಾಸ್ಟಿಕ್ ಚೀಲ ಇಳಿಸಿದ. ಉತಾರ, ಆಧಾರ್ ಝೆರಾಕ್ಸ್, ಪಾಸ್‌ಬುಕ್ಕು. ಸಾಲ ರಿನಿವಲ್ ಯಾವಾಗ, ಅವ್ವನ ಹೆಬ್ಬೆಟ್ಟು ಸಾಕೋ ಅಥವಾ ತಾನೇ ಬರಬೇಕೋ, ಬೆಳೆವಿಮೆಗೆ ಹೆಸರು ಬರೆಸಿದ್ದು ಏನಾಯಿತು, ಎಲ್ಲ ಕೇಳಿದ. ರಜೆಯ ಮೇಲೆ ಬಂದವನು ತಗಡಿನ ಕೆಳಗೆ ಕುಳಿತು ಶಾಖೆ ನಡೆಸಿದೆ. ಹೊರಡುವಾಗ ಹೆದ್ದಾರಿಯವರೆಗೆ ಬಂದ. ಏನೋ ಹೇಳಲಿಕ್ಕಿದೆ ಎಂದು ಅವನ ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

"ಸಿಟ್ಟಾಗಬ್ಯಾಡ್ರಿ ಸರ. ಇಲ್ಲಿ ಮನಿ ಮಾಲಕರು ಬರೋ ತಿಂಗಳಿಂದ ಐನೂರು ಏರಿಸ್ಯಾರ. ಅವರೂ ನಿಮ್ಮ ಮೂಲ್ಕಿ ಕಡೆಯವ್ರ. ಅದಕ ಅಲ್ಲಿ ನಿಮ್ದೂ ಬಾಡಿಗಿ ಒಂದಿನ್ನೂರು ಹೆಚ್ಚ ಮಾಡಿದ್ರ ಹೆಂಗ ಅಂತ..."

ಬಸ್ಸು ಬರುವವರೆಗೆ ಚೌಕಾಸಿ ನಡೆದು ನೂರೈವತ್ತಕ್ಕೆ ನಿಂತಿತು. ರೊಟ್ಟಿ ಹೊತ್ತು ತಂದ ಕೂಲಿಯನ್ನು ಅವನು ಲೆಕ್ಕಕ್ಕೆ ಹಿಡಿಯಲಿಲ್ಲ.