ಈಜಿಗೂ ಸೀಟು ಸಿಗುತ್ತದೆಯಂತೆ!

ಮಕ್ಕಳು ಎಸ್ಸೆಸ್ಸೆಲ್ಸಿಗೆ ಬಂದೊಡನೆ ಆಟ ಬಿಡಿಸುವುದು ಜಯನಗರ, ಬನಶಂಕರಿ ಕಡೆಯ ಮನೆಗಳಲ್ಲಿ ಹಳೆಯ ಪದ್ಧತಿ. ಅಲ್ಲಿಯವರೆಗೆ ಬೆಳಗಿನ ಐದಕ್ಕೇ ಮಗಳನ್ನು ಸ್ಕೂಟರಿನಲ್ಲಿ ಬಸವನಗುಡಿಯ ಈಜುಕೊಳಕ್ಕೆ ಬಿಟ್ಟು ಬರುತ್ತಿದ್ದ ಅಪ್ಪನೇ ಟ್ಯೂಷನ್ ಮೇಷ್ಟ್ರನ್ನು ಹುಡುಕಲು ಹೊರಡುತ್ತಾರೆ. ಈಗ ಈ ಲೆಕ್ಕಕ್ಕೆ ಹೊಸದೊಂದು ಬಾಬತ್ತು ಸೇರಿಕೊಂಡಿದೆ. "ಈಜಿಗೂ ಸೀಟು ಕೊಡ್ತಾರಂತಲ್ರೀ, ಇನ್ನೆರಡು ವರ್ಷ ಈಜಲಿ ಬಿಡಿ" ಎನ್ನುತ್ತಾರೆ ಅಮ್ಮ.

ಕೊಡುವುದು ನಿಜ. ಬೆಂಗಳೂರಿನಲ್ಲಿ ಆಟಗಾರರನ್ನು ಕರೆದು ಸೇರಿಸಿಕೊಳ್ಳುವುದಕ್ಕೆ ಹೆಸರಾದದ್ದು ಜೈನ್ ಕಾಲೇಜು. ಕೆ.ಎಲ್. ರಾಹುಲ್, ಪಂಕಜ್ ಅಡ್ವಾಣಿ ಓದಿದ್ದು ಅಲ್ಲಿಯೇ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಈಜಿದ ಶಿಖಾ ಟಂಡನ್ ಕೂಡ ಅಲ್ಲಿ ಓದಿ, ಮುಂದೆ ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದರು.

ಆದರೆ ಅಪ್ಪನ ಮನಸ್ಸಿರುವುದು ಎಂಜಿನಿಯರಿಂಗ್ ಮೇಲೆ. ಅಲ್ಲಿ ದಾರಿ ಕಿರಿದು. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ, ಸೀಟುಗಳು ಬೆರಳೆಣಿಕೆ. ಪ್ರಮಾಣಪತ್ರಗಳ ಪರಿಶೀಲನೆ ಬೇರೆ, ಪರೀಕ್ಷೆಯಂತೂ ತಪ್ಪದು. ಮದ್ರಾಸ್ ಐಐಟಿ 2024ರಲ್ಲಿ ಪ್ರತಿ ಪದವಿ ಕೋರ್ಸಿಗೂ ಆಟಗಾರರಿಗೆಂದು 2 ಹೆಚ್ಚುವರಿ ಸೀಟು ತೆರೆಯಿತು, ಒಂದು ಹುಡುಗಿಯರಿಗೇ ಮೀಸಲು. ಕಳೆದ 4 ವರ್ಷಗಳಲ್ಲಿ ರಾಷ್ಟ್ರ ಅಥವಾ ಅಂತರರಾಷ್ಟ್ರೀಯ ಮಟ್ಟದ ಪದಕ ಗೆದ್ದಿರಬೇಕು, ಜೆಇಇ ಅಡ್ವಾನ್ಸ್ಡ್‌ನಲ್ಲೂ ಅರ್ಹತೆ ಪಡೆದಿರಬೇಕು. ಎಂದರೆ ಕೊಳವೂ ಬೇಕು, ಕೋಚಿಂಗೂ ಬೇಕು. ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ, ಪಾಪ!

ಅಮೆರಿಕದ ರೀತಿಯೇ ಬೇರೆ. ಅಲ್ಲಿ ಕಾಲೇಜಿನ ಕೋಚ್‌ಗಳೇ ಆಟಗಾರರನ್ನು ಆರಿಸಿಕೊಳ್ಳುತ್ತಾರೆ. ಹಾರ್ವರ್ಡ್‌ನಲ್ಲಿ ಹೀಗೆ ಆಯ್ಕೆಯಾದವರಲ್ಲಿ ನೂರಕ್ಕೆ ಸುಮಾರು 86 ಮಂದಿಗೆ ಪ್ರವೇಶ ಸಿಗುತ್ತಿತ್ತೆಂದು 2018ರ ಮೊಕದ್ದಮೆಯೊಂದರಲ್ಲಿ ಬೆಳಕಿಗೆ ಬಂತು. ಬಾಗಿಲು ಅಷ್ಟು ಅಗಲವಾದರೆ ನುಸುಳುವವರೂ ಇರುತ್ತಾರೆ. ಆಡದ ಮಕ್ಕಳ ಮುಖವನ್ನು ಆಟಗಾರರ ಫೋಟೋಕ್ಕೆ ಅಂಟಿಸಿ, ಕೋಚ್‌ಗಳಿಗೆ ಲಂಚ ಕೊಟ್ಟ ಶ್ರೀಮಂತ ತಂದೆತಾಯಿಗಳು 2019ರಲ್ಲಿ ಸಿಕ್ಕಿಬಿದ್ದರು. ನಮ್ಮಲ್ಲಿ ಪರಿಶೀಲನೆಯ ಕಾಟ ಎಂದು ಗೊಣಗುವವರು ಇದನ್ನು ನೆನೆಯಬಹುದು.

ಇಷ್ಟೆಲ್ಲ ಲೆಕ್ಕದ ನಡುವೆ ಹುಡುಗಿಯ ಭುಜದ ಮಾತು ಯಾರೂ ಎತ್ತುವುದಿಲ್ಲ. ಬರಿಯ ಸೀಟಿಗಾಗಿ ಈಜುವವಳಿಗೆ ಭುಜ ನೋಯತೊಡಗಿದ ದಿನ ಎರಡೂ ಕೈಬಿಡುತ್ತವೆ. ನೀರೆಂದರೆ ಪ್ರಾಣ ಎನ್ನುವವಳಿಗೆ ಸೀಟು ಸಿಗದಿದ್ದರೂ ನೀರಂತೂ ಉಳಿದೀತು. ಅವಳು ಯಾವ ಬಗೆಯವಳು ಎಂಬುದು ಕೋಟಾದ ಅರ್ಜಿಯಲ್ಲಿ ತಿಳಿಯುವುದಿಲ್ಲ. ಊಟದ ಹೊತ್ತಿಗೆ ಅವಳನ್ನೇ ಕೇಳಬೇಕು.

ಈಜುತ್ತೇನೆ ಎಂದಳೋ, ಪಿಯುಸಿಗೆ ಸೇರಿಸುವ ಮುನ್ನ ಪ್ರಿನ್ಸಿಪಾಲರನ್ನು ಕೇಳಲೇಬೇಕಾದ ಪ್ರಶ್ನೆಗಳಿವೆ. ರಾಷ್ಟ್ರೀಯ ಸ್ಪರ್ಧೆಯ ವಾರದಲ್ಲೇ ಪ್ರಾಕ್ಟಿಕಲ್ ಬಿದ್ದರೆ ಅದನ್ನು ಮತ್ತೆ ಮಾಡಿಸುವವರು ಯಾರು? ಶೇಕಡಾ 75 ಹಾಜರಾತಿಯ ಗತಿ ಏನು? ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು, ಕಾಗದದಲ್ಲಿ ಬರೆಸಿಕೊಳ್ಳುವುದು ಲೇಸು.