ಇಂಗ್ಲಿಷ್ ಹಳ್ಳಿಯ ಇಂಡಿಯನ್ ಹೋಟೆಲು

ಇಂಗ್ಲೆಂಡಿನ ಹಳ್ಳಿ ಎಂದರೆ ಒಂದು ಚರ್ಚು, ಒಂದು ಪಬ್ಬು, ಒಂದು ಅಂಚೆ ಕಚೇರಿ ಎಂದುಕೊಂಡಿದ್ದೆ. ಅಂಚೆ ಕಚೇರಿ ಮುಚ್ಚಿ, ಪಬ್ಬಿಗೆ ಬೀಗ ಬಿದ್ದ ಹಳ್ಳಿಯಲ್ಲೂ ಇಂಡಿಯನ್ ಹೋಟೆಲೊಂದು ದೀಪ ಹಚ್ಚಿಕೊಂಡು ಕೂತಿರುತ್ತದೆ ಎಂದು ತಿಳಿದದ್ದು ಮಗಳ ಮನೆಗೆ ಹೋದಾಗ. ಎಷ್ಟೋ ಕಡೆ ಮುಚ್ಚಿದ ಪಬ್ಬಿನಲ್ಲೇ ಅದು ಸಂಸಾರ ಹೂಡಿರುತ್ತದೆ. ಶುಕ್ರವಾರ ಸಂಜೆ ನಾವು ಹೊಕ್ಕದ್ದೂ ಅಂಥದ್ದೇ: ಹೊರಗೆ ಹಳೇ ಕಲ್ಲಿನ ಗೋಡೆ, ಒಳಗೆ ತಾಜಮಹಲಿನ ಪಟ.

ಕೂತ ಕೂಡಲೇ ಹಪ್ಪಳ ಬಂತು. ನಮ್ಮಲ್ಲಿ ಅನ್ನದ ಜೊತೆ ಬರುವ ಹಪ್ಪಳ ಅಲ್ಲಿ ಊಟಕ್ಕೇ ನಾಂದಿ. ಜೊತೆಗೆ ಸಿಹಿ ಮಾವಿನ ಚಟ್ನಿ, ನಿಂಬೆ ಉಪ್ಪಿನಕಾಯಿ, ಹೆಚ್ಚಿದ ಈರುಳ್ಳಿ, ಪುದೀನ ಬೆರೆಸಿದ ಮೊಸರು. ಪಕ್ಕದ ಮೇಜಿನ ಬಿಳಿಯಜ್ಜ ಪೇರಿಸಿಟ್ಟ ಹಪ್ಪಳಗಳ ನಡುನೆತ್ತಿಗೆ ಒಂದು ಗುದ್ದು ಕೊಟ್ಟರು. ಚೂರೊಂದಕ್ಕೆ ಚಟ್ನಿ ಬಳಿದು, ಮೇಲೆ ಈರುಳ್ಳಿ ಉದುರಿಸಿ, ಕಣ್ಣು ಮುಚ್ಚಿ ಬಾಯಿಗಿಟ್ಟರು. ಅಷ್ಟು ಶ್ರದ್ಧೆಯಿಂದ ನಾನು ಹಪ್ಪಳ ತಿಂದದ್ದಿಲ್ಲ.

ಮೆನುವನ್ನು ಖಾರದ ಪ್ರಕಾರ ಓದಬೇಕು. ತೀರಾ ಕೆಳಗೆ ಕೆನೆ, ತೆಂಗಿನಕಾಯಿ ಸೇರಿದ ಸಿಹಿಯಾದ ಕೋರ್ಮಾ. ಆಮೇಲೆ ಮದ್ರಾಸ್, ಅದರ ಮೇಲೆ ವಿಂದಾಲೂ, ಎಲ್ಲದರ ತುದಿಗೆ ಫಾಲ್. ಈ ಮದ್ರಾಸ್ ಕರಿಯನ್ನು ಮದ್ರಾಸಿನವರು ಕಂಡಿಲ್ಲ. ವಿಂದಾಲೂವಿನೊಳಗಿನ ಆಲೂಗಡ್ಡೆ ಕಂಡರೆ ಗೋವಾದವರು ಹೌಹಾರುತ್ತಾರೆ. ಬಾಲ್ಟಿ ಎಂಬ ಕರಿಯಂತೂ 1970ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಹೆಸರು ಮಾಡಿದ್ದು.

ಇಷ್ಟೊಂದು ಬಗೆ ಇಷ್ಟು ಬೇಗ ಹೇಗೆ ಬರುತ್ತದೆ? ಗುಟ್ಟೆಲ್ಲ ಅಡುಗೆಮನೆಯ ಒಂದು ದೊಡ್ಡ ಪಾತ್ರೆಯಲ್ಲಿದೆ. ರಾಶಿ ಈರುಳ್ಳಿಯನ್ನು ಶುಂಠಿ, ಬೆಳ್ಳುಳ್ಳಿ, ಅರಿಸಿನದೊಂದಿಗೆ ಗಂಟೆಗಟ್ಟಲೆ ಬೇಯಿಸಿ ರುಬ್ಬಿದ ಗ್ರೇವಿ ಅದು. ಆರ್ಡರು ಬಂದ ಹಾಗೆ ಒಂದು ಬಾಣಲೆಯಲ್ಲಿ ಕೆನೆ ಬೆರೆತು ಕೋರ್ಮಾ, ಇನ್ನೊಂದರಲ್ಲಿ ಖಾರದಪುಡಿ ಬಿದ್ದು ಮದ್ರಾಸ್. ನಮ್ಮ ದರ್ಶಿನಿಯಲ್ಲಿ ಒಂದೇ ಹಿಟ್ಟು ಮಸಾಲೆ ದೋಸೆಯೂ ಈರುಳ್ಳಿ ದೋಸೆಯೂ ಆಗುವುದಿಲ್ಲವೇ, ಹಾಗೆ.

"ಇಂಡಿಯಾದಲ್ಲಿ ಯಾವ ಕಡೆಯಪ್ಪಾ?" ಎಂದು ಬಡಿಸುವ ಹುಡುಗನನ್ನು ಹಿಂದಿಯಲ್ಲಿ ಕೇಳಿದೆ. "ಇಂಡಿಯಾ ಅಲ್ಲ ಅಂಕಲ್, ಬಾಂಗ್ಲಾದೇಶ, ಸಿಲೆಟ್" ಎಂದು ನಕ್ಕ. ಬ್ರಿಟನ್ನಿನ ಬಹುಪಾಲು 'ಇಂಡಿಯನ್' ಹೋಟೆಲುಗಳ ಕಥೆ ಇದೇ. ಲಂಡನ್ನಿನಲ್ಲಿ ಪಾಟ್ನಾದ ದೀನ್ ಮಹಮ್ಮದ್ 1810ರಲ್ಲೇ ಹಿಂದೂಸ್ತಾನೀ ಕಾಫಿ ಹೌಸ್ ತೆರೆದಿದ್ದ. 1926ರಲ್ಲಿ ಶುರುವಾದ ವೀರಸ್ವಾಮಿ ಹೋಟೆಲು ಸಿರಿವಂತರಿಗೆ ಬಡಿಸಿತು. ಆದರೆ ಈ ರುಚಿಯನ್ನು ಹಳ್ಳಿಹಳ್ಳಿಗೆ ಹೊತ್ತವರು ಸಿಲೆಟ್‌ನವರು. ಅವರಲ್ಲಿ ಮೊದಲು ಬಂದವರು ಬ್ರಿಟಿಷ್ ಹಡಗುಗಳ ಖಲಾಸಿಗಳು. ಬಂದರಿನಲ್ಲಿ ಇಳಿದು ಅಡುಗೆಮನೆ ಸೇರಿದರು, ಹಿಂದೆಯೇ ನೆಂಟರಿಷ್ಟರು ಬಂದರು. ಕೊನೆಗೆ 2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಅವರೇ ಚಿಕನ್ ಟಿಕ್ಕಾ ಮಸಾಲಾ ಬ್ರಿಟನ್ನಿನ ರಾಷ್ಟ್ರೀಯ ಖಾದ್ಯ ಎಂದುಬಿಟ್ಟರು.

ಆ ಹುಡುಗ ಓದುತ್ತಿರುವುದು ಅಕೌಂಟೆನ್ಸಿ. ಅಪ್ಪನ ಬಾಣಲೆ ಹಿಡಿಯುವ ಮನಸ್ಸು ಅವನಿಗಿಲ್ಲ. ಆ ತಲೆಮಾರಿನ ಹಲವರದು ಇದೇ ಮಾತು. ಅಡುಗೆಯವರು ಸಿಗದೆ ಬಾಗಿಲು ಹಾಕಿದ ಹೋಟೆಲುಗಳೂ ಇವೆ.

ಹಾಗಾಗಿ ಆ ಕಡೆ ಹೋದವರು ಇಂಥ ಹೋಟೆಲಿಗೆ ಒಮ್ಮೆ ಹೋಗಿ ಬನ್ನಿ. ಸಾರು, ಕರಿಬೇವಿನ ಒಗ್ಗರಣೆ ಹುಡುಕಿ ಮುಖ ಸಿಂಡರಿಸಬೇಡಿ. ಅದು ನಮ್ಮೂರ ಅಡುಗೆಯಲ್ಲ, ಆ ಹಳ್ಳಿಯದೇ ಅಡುಗೆ. ಮದ್ರಾಸ್‌ನಿಂದ ಶುರುಮಾಡಿ. ಫಾಲ್ ಗೊಡವೆಗೆ ಮಾತ್ರ ಹೋಗಬೇಡಿ.